ಡಾಂಬರು ಸಿಕ್ಕಲ್ಲಿ ಇಳಿಯಬೇಕಿತ್ತು

ಹೋದ ತಿಂಗಳು ನಾನು ಕೂತಿದ್ದ ರಾಯಚೂರು ಬಸ್ಸು ಸಿರವಾರದಲ್ಲಿ ಕೆಟ್ಟು ನಿಂತಿತು. ನಿಂತದ್ದು ಒಂದು ಗ್ಯಾರೇಜಿನ ಮುಂದೆಯೇ. ಅಲ್ಲಿ ಯಾರೋ ಟ್ರ್ಯಾಕ್ಟರಿನ ಹೊಟ್ಟೆ ಬಿಚ್ಚಿ ಹಳೆಯ ಗೇರ್ ಆಯಿಲನ್ನು ತಗಡಿನ ಡಬ್ಬಿಗೆ ಇಳಿಸುತ್ತಿದ್ದರು. ಸುಟ್ಟ ಗೇರ್ ಆಯಿಲಿನ ವಾಸನೆ ಕೊಳೆತ ಬೆಳ್ಳುಳ್ಳಿಯ ಹಾಗೆ ಮೂಗಿಗೆ ಬಡಿದು ಗಂಟಲಿಗೆ ಇಳಿಯುತ್ತದೆ. ಪಕ್ಕದಲ್ಲಿ ಕೂತಿದ್ದವರು ಕಿಟಕಿ ಮುಚ್ಚಿ ಎಂದರು. ನಾನು ಮುಚ್ಚಲಿಲ್ಲ. ಒಂದು ಕಾಲಕ್ಕೆ ನನ್ನ ಗಾಡಿ ಕಟ್ಟಿಕೊಟ್ಟ ಮಿಸ್ತ್ರಿ ಎದುರಿಗೆ ಬಂದು ನಿಂತ ಹಾಗಾಯಿತು. ಅವರ ನೆನಪಾಗಬಾರದು ಎಂದೇ ನಲವತ್ತು ವರ್ಷಗಳಿಂದ ಗ್ಯಾರೇಜುಗಳ ದಾರಿ ಬಿಟ್ಟವನು ನಾನು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮಾನವಿಯಲ್ಲಿ ಮನೆ. ಕಾಲುವೆ ನೀರು ಬಂದು ಸುತ್ತಲ ಊರುಗಳಲ್ಲಿ ಭತ್ತವೇನೋ ಬೆಳೆಯುತ್ತಿತ್ತು, ರಸ್ತೆ ಮಾತ್ರ ಬಂದಿರಲಿಲ್ಲ. ಮಳೆ ಬಿದ್ದರೆ ಎರೆಮಣ್ಣಿನ ದಾರಿಯಲ್ಲಿ ಲಾರಿಯ ಮಾತು ಬಿಡಿ, ಚಪ್ಪಲಿ ಹಾಕಿಕೊಂಡ ಮನುಷ್ಯ ಹತ್ತು ಹೆಜ್ಜೆ ಹೋಗುವಂತಿರಲಿಲ್ಲ. ಅಂಥ ದಾರಿಗೆ ಇಳಿಯುವ ಗಾಡಿ ಈ ಸೀಮೆಗೆಲ್ಲ ನನ್ನದೊಂದೇ ಇರಬೇಕು ಎಂಬ ಹುಚ್ಚು ತಲೆಗೆ ಹತ್ತಿತು. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಟ್ರಕ್ಕೊಂದನ್ನು ಹೈದರಾಬಾದಿನಿಂದ ತಂದೆ. ಎಲ್ಲ ಗಾಡಿಗಳಲ್ಲೂ ಇಂಜಿನ್ ಹಿಂದಿನ ಗಾಲಿಗಳನ್ನಷ್ಟೇ ತಿರುಗಿಸಿದರೆ ಇದರಲ್ಲಿ ಮುಂದಿನವನ್ನೂ ತಿರುಗಿಸುತ್ತಿತ್ತು. ಕೆಸರಿನಲ್ಲಿ ನಾಲ್ಕೂ ಗಾಲಿ ಎಳೆಯುತ್ತಿದ್ದವು. ಆದರೆ ಡಾಂಬರು ರಸ್ತೆಗೆ ಬಂದರೆ ಎತ್ತಿನ ಬಂಡಿಯೂ ನಮ್ಮನ್ನು ಹಿಂದೆ ಹಾಕುವಂತಿತ್ತು, ಪೆಟ್ರೋಲನ್ನಂತೂ ನೀರಿನಂತೆ ಕುಡಿಯುತ್ತಿತ್ತು.

ರಾಯಚೂರಿನಲ್ಲಿ ಯಾರನ್ನು ಕೇಳಿದರೂ ಮಿಸ್ತ್ರಿಯ ಗ್ಯಾರೇಜನ್ನೇ ತೋರಿಸಿದರು. ಗಿಡ್ಡ ಆಳು, ಐವತ್ತರ ಆಸುಪಾಸು, ಬಾಯಲ್ಲಿ ಸದಾ ಎಲೆ ಅಡಿಕೆ. ಗಾಡಿಯ ಸುತ್ತ ಎರಡು ಸುತ್ತು ಬಂದರು. ಕೆಳಗೆ ತೂರಿ ಮಲಗಿ ಅಲ್ಲಿಂದಲೇ ಕೇಳಿದರು, "ತಮ್ಮಾ, ಗಾಡಿ ತಂದೀಯೋ, ಗುಜರಿ ತಂದೀಯೋ?"

ನನಗೆ ಸಿಟ್ಟು ಬಂತು. "ಆಗತದೋ ಇಲ್ಲೋ ಅಷ್ಟ ಹೇಳ್ರಿ" ಎಂದೆ.

"ಆಗತದ. ರಸ್ತಿ ಮ್ಯಾಲನೂ ಓಡಬೇಕು, ರಾಡ್ಯಾಗನೂ ಓಡಬೇಕು, ಹೌದಿಲ್ಲೋ? ಮಾಡಿಕೊಡ್ತೀನಿ. ಆದರ ನನ್ನ ಮಗಳನ್ನ ಹೆರಿಗಿಗೆ ಕರಕೊಂಡ ಬರಾಕ ಈ ಗಾಡಿ ಬೇಕು. ಆಗತದೋ ಇಲ್ಲೋ ನೀನ ಹೇಳು."

ಹಾಗೆ ಕುದುರಿತು ನಮ್ಮ ಮಾತು. ಮಿಸ್ತ್ರಿಗೆ ಇದ್ದವಳು ಒಬ್ಬಳೇ ಮಗಳು. ಅವಳನ್ನು ಹೆತ್ತ ಮೂರನೆಯ ದಿನಕ್ಕೆ ಹೆಂಡತಿ ತೀರಿಕೊಂಡಿದ್ದಳು. ಮತ್ತೊಂದು ಮದುವೆಗೆ ಒಪ್ಪದೆ ಮಿಸ್ತ್ರಿಯೇ ಮಗಳಿಗೆ ಜಡೆ ಹಾಕಿ, ರೊಟ್ಟಿ ಬಡಿದು ಹಾಕಿ ಬೆಳೆಸಿದ್ದರು. ದೇವದುರ್ಗದ ಕಡೆ ಒಳಗಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಈಗ ಚೊಚ್ಚಲ ಬಸಿರು. ಏಳು ತಿಂಗಳಿಗೆ ಕುಬಸ ಮಾಡಿ ಹಸಿರು ಸೀರೆ ಉಡಿಸಿ ಬಂದಿದ್ದರು, ಆದರೆ ಅತ್ತೆಮನೆಯವರು ಬಿತ್ತನೆಯ ನೆಪ ಹೇಳಿ ಕಳಿಸಲಿಲ್ಲ. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವ ಪದ್ಧತಿಯಿಲ್ಲ. ಒಂಬತ್ತು ಬೀಳುವ ಹೊತ್ತಿಗೆ ಮಳೆ ಹಿಡಿದುಕೊಳ್ಳುತ್ತದೆ, ಆ ಊರಿಗೆ ದಾರಿ ಮುಚ್ಚುತ್ತದೆ. ಮಳೆ ಮುಗಿಯುವವರೆಗೆ ಹೊಟ್ಟೆ ಕಾಯುವುದಿಲ್ಲವಲ್ಲ. ಹೆಂಡತಿಗೆ ಆದದ್ದು ಮಗಳಿಗೂ ಆದೀತೆಂಬ ಹೆದರಿಕೆ ಮಿಸ್ತ್ರಿಗೆ. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದಿನಾ ಆಕಾಶ ನೋಡುತ್ತಿದ್ದರು ಅಷ್ಟೇ.

ಕೆಲಸ ಒಂದೂವರೆ ತಿಂಗಳು ನಡೆಯಿತು. ಪೆಟ್ರೋಲ್ ಇಂಜಿನ್ ಇಳಿಸಿ ಹಳೆಯ ಲಾರಿಯೊಂದರ ಡೀಸೆಲ್ ಇಂಜಿನ್ ಕೂಡಿಸಿದರು. ಸೋತಿದ್ದ ಕಮಾನು ಪಾಟಾಗಳಿಗೆ ಒಂದೊಂದು ಉಕ್ಕಿನ ಪಟ್ಟಿ ಹೆಚ್ಚು ಹಾಕಿದರು. ಬ್ರೇಕು ಬದಲಾಯಿತು, ರಾಡಿಗೂ ರಸ್ತೆಗೂ ಹೊಂದುವ ಟೈರುಗಳು ಬಂದವು. ನಾನು ಸುಮ್ಮನೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಂತಿರಲಿಲ್ಲ. "ತನ್ನ ಗಾಡಿ ಒಳಗ ಏನದ ಅಂತ ಗೊತ್ತಿಲ್ಲದವನ ಕೈಯಾಗ ನಾ ಚಾವಿ ಕೊಡಂಗಿಲ್ಲ" ಎಂದು ನನ್ನನ್ನೂ ಕೆಳಗೆ ಮಲಗಿಸುತ್ತಿದ್ದರು. ಒಂದೊಂದು ನಟ್ಟಿನ ಬುದ್ಧಿಯನ್ನೂ ಹೇಳಿಕೊಟ್ಟರು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗೆ ಆಗಲೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಮುಂದಿನ ಗಾಲಿಗಳದು. ಅವಕ್ಕೆ ಎಳೆತ ಕೊಡುವ, ಬಿಡಿಸುವ ಲಿವರು ಮೊದಲು ಕ್ಯಾಬಿನ್ನಿನಲ್ಲೇ ಇತ್ತು. ಅದರ ಒಳಗಿನ ಭಾಗಗಳು ಸವೆದುಹೋಗಿದ್ದವು, ಹೊಸವು ಎಲ್ಲೂ ಸಿಗಲಿಲ್ಲ. ಮಿಸ್ತ್ರಿ ಬೇರೆಯೇ ಉಪಾಯ ಹೂಡಿದರು. ಲೇತಿನ ಮೇಲೆ ಎರಡು ಉಕ್ಕಿನ ಬಿಲ್ಲೆ ಕಡೆಸಿ ಮುಂದಿನ ಎರಡೂ ಗಾಲಿಗಳ ನಟ್ಟನಡುವೆ ಒಂದೊಂದನ್ನು ಕೂಡಿಸಿದರು. ಡ್ರೈವರು ಕೆಳಗಿಳಿದು ಬಿಲ್ಲೆಯನ್ನು ಬಲಕ್ಕೆ ತಿರುವಿದರೆ ಮುಂದಿನ ಗಾಲಿ ಎಳೆಯುತ್ತದೆ, ಎಡಕ್ಕೆ ತಿರುವಿದರೆ ಸುಮ್ಮನೆ ಉರುಳುತ್ತದೆ. ಕೈಯಿಂದ ಅರ್ಧ ನಿಮಿಷದ ಕೆಲಸ.

"ಡಾಂಬರ್ ಮುಗೀತಂದ್ರ ಇಳೀಬೇಕು, ಹಚ್ಚಬೇಕು. ಡಾಂಬರ್ ಸಿಕ್ತಂದ್ರ ಇಳೀಬೇಕು, ಬಿಡಿಸಬೇಕು" ಎಂದರು. "ರಾಡ್ಯಾಗ ಗಾಲಿ ಜಾರತಾವ, ನಡೀತದ. ಡಾಂಬರ್ ಮ್ಯಾಲ ಜಾರಂಗಿಲ್ಲ. ಆ ಜಗ್ಗಾಟ ಎಲ್ಲಾ ಒಳಗಿನ ಗೇರಿನ ಹಲ್ಲಿನ ಮ್ಯಾಲ ಬೀಳತದ. ಬಿಡಿಸದ ಓಡಿಸಿದಿ ಅಂದ್ರ ಹಲ್ಲು ಮುರದು ಕೈಯಾಗ ಬರತಾವ. ತಿಳೀತಿಲ್ಲೋ?"

ತಿಳಿಯಿತು ಎಂದೆ. ಮೂರು ಸಲ ಹೇಳಿಸಿದರು.

ಗಾಡಿ ಕೈಗೆ ಬಂದ ಮೇಲೆ ನನ್ನ ಜಂಭ ಕೇಳಬೇಡಿ. ಆಮೇಲೆ ಬಿದ್ದ ಮೊದಲ ಮಳೆಗೇ ಎರೆಹೊಲಗಳ ನಡುವಿನಿಂದ ಭತ್ತದ ಚೀಲ ಹೊರಿಸಿಕೊಂಡು ಬಂದಾಗ ಜನ ಕಟ್ಟೆಗಳ ಮೇಲೆ ನಿಂತು ನೋಡಿದರು. ಆಗಲೇ ನನಗೆ ರಾಯಚೂರಿನಲ್ಲಿ ಕನ್ಯೆ ನೋಡುವ ಮಾತು ಬಂತು. ಪೋತ್ನಾಳದಿಂದ ಒಳಗೆ ಒಂದು ಹಳ್ಳಿಯಲ್ಲಿ ಸೋದರಮಾವನ ಮನೆ. ಅವರನ್ನೆಲ್ಲ ಹಿಂದೆ ಹತ್ತಿಸಿಕೊಂಡು ಹೊರಟೆ. ಮೈಮೇಲೆ ಹೊಸದಾಗಿ ಹೊಲಿಸಿದ ಬಿಳಿ ಟೆರಿಕಾಟ್ ಪ್ಯಾಂಟು. ಕಚ್ಚಾ ದಾರಿ ಮುಗಿದು ಡಾಂಬರು ಸಿಗುವಲ್ಲಿ ಮೊಣಕಾಲು ಮಟ ರಾಡಿ. ಇಳಿದರೆ ಪ್ಯಾಂಟು ಹೋಯಿತು. ಹಿಂದಿನಿಂದ ಮಾವ ರಾಹುಕಾಲ ಬರುತ್ತದೆ, ಬೇಗ ನಡಿ ಎಂದು ತಗಡು ಬಡಿಯುತ್ತಿದ್ದರು. ಸ್ವಲ್ಪ ಮುಂದೆ ಒಣ ಜಾಗ ನೋಡಿ ಇಳಿದರಾಯಿತು ಎಂದುಕೊಂಡೆ. ಒಣ ಜಾಗ ಬಂತು, ಹೋಯಿತು. ಕನ್ನಡಿಯಲ್ಲಿ ಕ್ರಾಪು ನೋಡಿಕೊಳ್ಳುತ್ತ ಹೊರಟಿದ್ದವನಿಗೆ ನೆನಪಾದದ್ದು ಮಾನವಿ ದಾಟಿದ ಮೇಲೆ, ಸ್ಟೇರಿಂಗ್ ಬಿಗಿದು ಕ್ಯಾಬಿನ್ನಿನ ತುಂಬ ಸುಟ್ಟ ವಾಸನೆ ಬಂದಾಗ. ಇಳಿದು ಬಿಡಿಸಿದೆ. ಗಾಡಿ ಓಡಿತು. ಓಡಿತಲ್ಲ, ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಗಿ ಒಪ್ಪಿಗೆಯಾದಳು. ಮಿಸ್ತ್ರಿಯ ಗ್ಯಾರೇಜು ಅಲ್ಲೇ ಎರಡು ಓಣಿ ಆಚೆಗಿತ್ತು. ಹೋಗಿ, ಹೀಗಾಗಿದೆ, ಒಮ್ಮೆ ಬಿಚ್ಚಿ ನೋಡಿರಿ ಎಂದಿದ್ದರೆ ಬೈಯುತ್ತಿದ್ದರು, ನೋಡುತ್ತಿದ್ದರು. ಬೈಗುಳಕ್ಕೆ ಹೆದರಿ ಹೋಗಲಿಲ್ಲ.

ಅದಾದ ಐದು ದಿನಕ್ಕೆ ಮಿಸ್ತ್ರಿಯ ಮಗಳಿಗೆ ಒಂಬತ್ತು ಬಿತ್ತು. ಮಳೆ ಎರಡು ದಿನದಿಂದ ಬಿಟ್ಟಿರಲಿಲ್ಲ. ಬೆಳಗ್ಗೆ ಮಿಸ್ತ್ರಿಯನ್ನು ಕೂರಿಸಿಕೊಂಡು ಹೊರಟೆ. ಅಷ್ಟು ಗೆಲುವಾಗಿ ಅವರನ್ನು ನಾನು ಎಂದೂ ಕಂಡಿರಲಿಲ್ಲ. ಸಿರವಾರ ದಾಟಿ ಡಾಂಬರು ಮುಗಿದಲ್ಲಿ ಅವರೇ ಇಳಿದು ಬಿಲ್ಲೆ ತಿರುವಿದರು. ಎರೆಮಣ್ಣಿಗೆ ಇಳಿದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಟಕಟ ಎಂಬ ಸದ್ದು ಬಂತು. ಮಿಸ್ತ್ರಿ ಕಿವಿ ನಿಮಿರಿಸಿದರು.

"ಏನದು ಸಪ್ಪಳ?"

"ಹೊಸಾದಲ್ಲೇನ್ರಿ, ಕೂಡ್ಕೊಳ್ಳಾಕತ್ತದ" ಎಂದೆ.

ಅವರು ಮತ್ತೆ ಮುಂದಕ್ಕೆ ನೋಡತೊಡಗಿದರು. ಊರು ಕಾಣುತ್ತಿತ್ತು, ಮಗಳ ಧ್ಯಾನದಲ್ಲಿದ್ದರು.

ಅವಳನ್ನೂ ಅವಳ ಅತ್ತೆಯನ್ನೂ ಹತ್ತಿಸಿಕೊಂಡು ತಿರುಗಿದೆವು. ಹಿಂದೆ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಮಿಸ್ತ್ರಿಯೇ ಹಾಸಿಗೆ ಮಾಡಿದ್ದರು. ದಾರಿಗೆ ಅಡ್ಡ ಹರಿಯುವ ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ. ಇಳಿದೆವು, ದಾಟಿದೆವು. ಆಚೆಯ ದಿಬ್ಬ ಏರುವಾಗ ಕೆಳಗೆ ಫಟ್ ಎಂದು ಸಿಡಿದ ಸದ್ದಾಯಿತು. ಮುಂದಿನ ಗಾಲಿಗಳು ಸತ್ತು ನಿಂತವು. ಹಿಂದಿನವು ತಿರುಗಿ ತಿರುಗಿ ರಾಡಿಯನ್ನು ತೋಡಿಕೊಂಡು ಒಳಗಿಳಿದವು. ಎಷ್ಟು ಎಳೆದರೂ ಗಾಡಿ ಅಲುಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಆ ಹುಡುಗಿ ಯಪ್ಪಾ... ಎಂದು ಕೂಗಿದಳು. ಬೇನೆ ಶುರುವಾಗಿತ್ತು.

ನಾನು ಓಡಿದೆ. ಹತ್ತಿರದ ಊರಿನಿಂದ ಎರಡು ಜೋಡಿ ಎತ್ತು ತಂದು ಹೂಡಿ ಗಾಡಿಯನ್ನು ದಿಬ್ಬ ಹತ್ತಿಸುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಅಷ್ಟು ಹೊತ್ತೂ ಮಿಸ್ತ್ರಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಾಡಪತ್ರಿ ಎತ್ತಿ ಹಿಡಿದು ಮಳೆ ತಡೆಯುತ್ತ ಕೂತಿದ್ದರಂತೆ. ಅಲ್ಲಿಂದ ಹಿಂದಿನ ಗಾಲಿಗಳಷ್ಟರಲ್ಲೇ ತೆವಳಿಕೊಂಡು ರಾಯಚೂರಿನ ದವಾಖಾನೆ ಮುಟ್ಟಿದಾಗ ಇಳಿಹೊತ್ತು. ಇನ್ನೊಂದೆರಡು ತಾಸು ಮೊದಲು ಬಂದಿದ್ದರೆ ಎರಡು ಜೀವವೂ ಉಳಿಯುತ್ತಿದ್ದವು ಎಂದರು ಒಳಗಿನವರು. ತಾಯಿ ಉಳಿದಳು. ಗಂಡುಮಗು... ಅದು ಅಳಲೇ ಇಲ್ಲ.

ಮಗುವನ್ನು ಮಣ್ಣು ಮಾಡಿದ ಮರುದಿನ ಮಿಸ್ತ್ರಿ ಗಾಡಿಯ ಮುಂದಿನ ಗೇರುಗಳು ಕೂತಿರುವ ಹೌಸಿಂಗ್ ಬಿಚ್ಚಿದರು. ನಾನೊಬ್ಬನೇ ಪಕ್ಕದಲ್ಲಿದ್ದೆ. ಸುಟ್ಟ ಎಣ್ಣೆ ಕಪ್ಪಗೆ ಸುರಿಯಿತು. ಅದರಲ್ಲಿ ಕೈಯಾಡಿಸಿ ಮುರಿದ ಹಲ್ಲುಗಳನ್ನು ಒಂದೊಂದಾಗಿ ತೆಗೆದು ಅರಿವೆಯ ಮೇಲೆ ಇಟ್ಟರು. ಒಂದನ್ನು ಒರೆಸಿ ಬೆಳಕಿಗೆ ಹಿಡಿದರು. ಕಾಯ್ದು ನೀಲಿ ತಿರುಗಿತ್ತು.

"ಡಾಂಬರ್ ಮ್ಯಾಲ ಹಚ್ಚಿಕೊಂಡ ಓಡಿಸಿದ್ಯೇನು, ತಮ್ಮಾ?"

ಹೊರಗೆ ಅವರ ಬೀಗರು ಕೂತಿದ್ದರು. ಮುಂದಿನ ವಾರ ನನ್ನ ನಿಶ್ಚಯ ಇತ್ತು.

"ಇಲ್ರಿ ಮಿಸ್ತ್ರಿ" ಎಂದೆ.

ಬಹಳ ಹೊತ್ತು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಸಿಟ್ಟು ಇದ್ದಿದ್ದರೆ ನಾನು ಕಾಲಿಗೆ ಬಿದ್ದು ಒಪ್ಪಿಕೊಂಡುಬಿಡುತ್ತಿದ್ದೆನೇನೋ... ಗೊತ್ತಿಲ್ಲ.

"ಹಂಗಾದ್ರ ನನ್ನ ಕೈದ ತಪ್ಪು" ಎಂದು ಎದ್ದು ಕೈ ತೊಳೆಯಲು ಹೋದರು.

ನನ್ನ ಮದುವೆಯಾಯಿತು. ಗಾಡಿಯನ್ನು ಮಾರಿದೆ. ಮಾನವಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಹಿಡಿದು, ಕೂತಲ್ಲೇ ಕೂತು ಆಯುಷ್ಯ ಕಳೆದೆ. ಗಾಡಿ ಯಾಕೆ ಮಾರಿದಿರಿ ಎಂದು ಹೆಂಡತಿ ಎಷ್ಟೋ ಸಲ ಕೇಳಿದಳು, ಅವಳಿಗೂ ಹೇಳಲಿಲ್ಲ. ಎಂಬತ್ತರ ದಶಕದ ನಡುವೆ ಮಿಸ್ತ್ರಿ ಹೋದ ಸುದ್ದಿ ಬಂತು, ಹದಿನೈದು ದಿನ ತಡವಾಗಿ. ತಡವಾಗಿ ಬಂದದ್ದಕ್ಕೆ ನನಗೆ ಸಮಾಧಾನವಾಯಿತು. ಅಂಥ ಹೇಡಿ ನಾನು.

ಸಿರವಾರದಲ್ಲಿ ಬಸ್ಸು ದುರಸ್ತಿಯಾಗಿ ಎಲ್ಲರೂ ಹತ್ತಿದರು. ನಾನು ಹತ್ತಲಿಲ್ಲ. ಆಟೊ ಹಿಡಿದು ಮಿಸ್ತ್ರಿಯ ಮಗಳ ಊರಿಗೆ ಹೋದೆ. ಈಗ ಊರ ಅಗಸೆ ಬಾಗಿಲವರೆಗೂ ಡಾಂಬರು, ಹಳ್ಳಕ್ಕೆ ಸೇತುವೆ. ಆಟೊದವನು ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡುತ್ತಲೇ ಇದ್ದ. ಅವಳ ಮನೆ ಕೇಳಿದೆ, ತೋರಿಸಿದರು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆಗೂದಲೆಲ್ಲ ಬೆಳ್ಳಗಾಗಿತ್ತು. ಗುರುತು ಹೇಳಿದೆ.

"ನಮ್ಮಪ್ಪನ ಕಡಿಂದ ಗಾಡಿ ಮಾಡಿಸಿಕೊಂಡವರಲ್ಲೇನ್ರಿ? ಬರ್ರಿ ಅಣ್ಣಾರ, ಕೂಡ್ರಿ" ಎಂದಳು.

ನಿಂತುಕೊಂಡೇ ಹೇಳಿದೆ. ಬಿಳಿ ಪ್ಯಾಂಟು, ಮಾನವಿಯವರೆಗಿನ ದಾರಿ, ಮಿಸ್ತ್ರಿ ಕೇಳಿದ್ದು, ನಾನು ಹೇಳಿದ ಸುಳ್ಳು... ಒಂದನ್ನೂ ಬಿಡಲಿಲ್ಲ. ಅವಳ ಕೈ ಮೊರದಲ್ಲೇ ನಿಂತಿತು. ಬೈಯುತ್ತಾಳೆ, ಚಪ್ಪಲಿ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಹಾಗಾದರೆ ಹಗುರಾದೇನು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

"ನನ್ನ ಕೈಯಾಗ ತಪ್ಪಾತಂತ ಅಪ್ಪ ದವಾಖಾನ್ಯಾಗ ನನ್ನ ಮುಂದ ಅತ್ತಿದ್ದರೀ" ಎಂದಳು. "ಮಗನ್ನ ಕೊಂದಿ, ನಿನ್ನ ಮಾರಿ ತೋರಸಬ್ಯಾಡ ಅಂದೆ. ಆಮ್ಯಾಲ ತವರಮನಿ ಹೊಸ್ತಲಾ ತುಳೀಲಿಲ್ಲ ನಾ. ನಾಗರ ಪಂಚಮಿ ಬಂತಂದ್ರ ಕರಿಯಾಕ ಬರತಿದ್ದ. ನಾ ಬಾಗಲಾ ಹಾಕ್ಕೊಂಡು ಒಳಗ ಕೂಡ್ತಿದ್ದೆ. ಇದ ಕಟ್ಟಿ ಮ್ಯಾಲ ಸಂಜಿತನಾ ಕುಂತು, ಉಂಡಿ ಗಂಟು ಇಟ್ಟು ಹೋಗತಿದ್ದ. ನೀರ ಸೈತ ಕೇಳತಿದ್ದಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಮಗುವಿನ ಪಾಪವನ್ನಷ್ಟೇ ಹೊತ್ತುಕೊಂಡು ಬಂದಿದ್ದೆ.

ತಲೆ ಎತ್ತಿ ಕೇಳಿದಳು, "ಅಪ್ಪಗ ಗೊತ್ತಿತ್ತೇನ್ರಿ, ತಪ್ಪು ನಿಮ್ಮದಂತ?"

ಗೊತ್ತಿರಲಿಕ್ಕಿಲ್ಲ ಎಂದುಬಿಡಲು ಬಾಯಿ ತೆರೆದಿತ್ತು. ಆದರೆ ಕೈಯಲ್ಲಿ ಮುಟ್ಟಿ ಕಬ್ಬಿಣದ ಸುಖದುಃಖ ಹೇಳುತ್ತಿದ್ದ ಮನುಷ್ಯ ಅವರು, ಆ ನೀಲಿ ಹಲ್ಲು ಅವರಿಗೆ ಎಲ್ಲ ಹೇಳಿತ್ತು.

"ಗೊತ್ತಿತ್ತು ಯವ್ವಾ" ಎಂದೆ.

ಅವಳು ಅಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಅಪ್ಪ ಕೂರುತ್ತಿದ್ದ ಕಟ್ಟೆಯ ಆ ತುದಿಯನ್ನು ಅಂಗೈಯಿಂದ ಮೆಲ್ಲಗೆ ಒರೆಸತೊಡಗಿದಳು.

"ಏಳು ಪಂಚಮಿ ಬಂದಿದ್ದರೀ" ಎಂದಳು. "ಒಂದ ಸಲ ಬಾಗಲಾ ತೆಗೀಬೇಕಾಗಿತ್ತು ನಾ."

ಆ ಬಾಗಿಲು ಹಾಕಿದ್ದು ನೀನಲ್ಲ ಯವ್ವಾ, ನನ್ನ ಸುಳ್ಳು ಎಂದು ಹೇಳಬೇಕಿತ್ತು. ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತೆ. ನನ್ನನ್ನು ಹೋಗು ಎಂದೂ ಅವಳು ಅನ್ನಲಿಲ್ಲ.