ತಂತಿ ಎತ್ತುತ್ತಿದ್ದ ಚಾಚಾ

ಹೋದ ವಾರ ಒಂದು ಮಧ್ಯಾಹ್ನ, ಬಳ್ಳಾರಿಯ ನಮ್ಮ ಬಾಡಿಗೆ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಎಮ್ಮೆ ಸಾಕಿದವರು ಯಾರೋ ಒಂದು ಟ್ರ್ಯಾಕ್ಟರ್ ಭತ್ತದ ಹುಲ್ಲು ಇಳಿಸಿದರು. ಹೊಸ ಹುಲ್ಲಿನ ವಾಸನೆ ಕಿಟಕಿಯಿಂದ ಅಡುಗೆಮನೆಯೊಳಕ್ಕೇ ಬಂತು. ಬೇರೆಯವರಿಗೆ ಹಿತವಾಗಿರಬಹುದು. ನಾನು ಒಲೆ ಆರಿಸಿ, ಕಿಟಕಿ ಮುಚ್ಚಿ, ನೆಲದ ಮೇಲೆ ಕೂತುಬಿಟ್ಟೆ. ಗಂಡನ ಊರಿನ ಪಕ್ಕದ ಮನೆ ಚಾಚಾ ನೆನಪಾದರು…

ನಾನು ಮದುವೆಯಾಗಿ ಹೋದ ಊರು ಸಿರುಗುಪ್ಪ ದಾಟಿ ಕೆಂಚನಗುಡ್ಡದ ಕಡೆಗೆ, ಹೊಳೆ ನೀರಿನ ಭತ್ತದ ಸೀಮೆ. ಸುಗ್ಗಿ ಮುಗಿದರೆ ಅಲ್ಲಿಂದ ಕುರುಗೋಡು, ಕೊಳಗಲ್ಲಿನ ದನಗಳಿಗೆ ಟ್ರ್ಯಾಕ್ಟರುಗಟ್ಟಲೆ ಹುಲ್ಲು ಹೋಗುತ್ತಿತ್ತು. ಹೇರುವವರು ಚಾಚಾ. ಅವರು ಹೇರಿದ ಹುಲ್ಲು ಕುರುಗೋಡು ಮುಟ್ಟುವವರೆಗೂ ಜಾರುತ್ತಿರಲಿಲ್ಲ. ಹೇರಿ ಮುಗಿದ ಮೇಲೆ ಅದರ ನೆತ್ತಿಗೆ ತಾವೇ ಏರಿ, ಕೈಯಲ್ಲೊಂದು ಕವೆಗೋಲು ಹಿಡಿದು ಕೂರುತ್ತಿದ್ದರು. ಊರ ಹೊರಗೆ ನಮ್ಮ ಮಾವನ ಹೊಲದ ಮೂಲೆಯಲ್ಲಿ ಕರೆಂಟಿನ ತಂತಿಗಳು ದಾರಿಗೆ ಅಡ್ಡಲಾಗಿ ಜೋತು ಬಿದ್ದಿದ್ದವು. ಟ್ರ್ಯಾಕ್ಟರ್ ಅಲ್ಲಿ ನಿಲ್ಲುತ್ತಿತ್ತು. ಚಾಚಾ ಕವೆಗೋಲಿನಿಂದ ಅವನ್ನು ಮೆಲ್ಲಗೆ ಎತ್ತಿ ಹಿಡಿದು "ಹೂಂ, ನಡಿ" ಅಂದ ಮೇಲೆ ಗಾಡಿ ಕೆಳಗೆ ದಾಟುತ್ತಿತ್ತು. ಆ ಕವೆಗೋಲು ಒಣಗಿ ಕಟ್ಟಿಗೆಯಾದ ಬಿದಿರು. ನೆನೆದರೆ ಕರೆಂಟು ಹರಿದೀತೆಂದು ಮಳೆ, ಇಬ್ಬನಿ ಯಾವುದೂ ತಾಗದಂತೆ ಮನೆಯೊಳಗೇ ಇಟ್ಟುಕೊಳ್ಳುತ್ತಿದ್ದರು.

ನಡುವೆ ಒಂದು ಕಂಬ ನೆಟ್ಟರೆ ತಂತಿ ಮೇಲೆ ಹೋಗುತ್ತದೆ, ಜಾಗ ತೋರಿಸಿ ಎಂದು ಕರೆಂಟಿನವರು ಹೇಳಿ ಹೋಗಿ ವರ್ಷಗಳೇ ಆಗಿದ್ದವು. ಆ ಜಾಗ ಮಾವನ ಹೊಲದ ಮೂಲೆಗೇ ಬರುತ್ತಿತ್ತು. ಅಲ್ಲಿ ಕಂಬ ಬಂದರೆ ಟ್ರ್ಯಾಕ್ಟರ್ ತಿರುಗಿಸಲು ಆಗುವುದಿಲ್ಲ ಎಂದು ಮಾವ ಒಪ್ಪಿರಲಿಲ್ಲ. ಹಾಳಾದ್ದು, ಎಷ್ಟಿತ್ತು ಆ ಮೂಲೆ? ಒಂದು ಎಮ್ಮೆ ಮಲಗುವಷ್ಟು. ಊರವರೂ ಮಾವನ ಮೇಲೆ ಒತ್ತಾಯ ಮಾಡಲಿಲ್ಲ. ತಂತಿ ಎತ್ತಲು ಹೇಗೂ ಚಾಚಾ ಇದ್ದರಲ್ಲ.

ಆ ವರ್ಷ ಸುಗ್ಗಿಯಲ್ಲಿ ಚಾಚಾ ನಮ್ಮ ಕಟ್ಟೆಗೆ ಬಂದರು. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ.

"ಅಣ್ಣಾ, ನನ್ನ ಕೈ ನಡುಗಾಕ ಹತ್ಯಾವ," ಅಂದರು ಮಾವನಿಗೆ. "ನಿನ್ನಿ ಎತ್ತುವಾಗ ತಂತಿ ಒಂದಕ್ಕೊಂದು ತಾಗೋದರಾಗ ಇತ್ತು. ಒಂದು ಕಿಡಿ ಬಿದ್ರ ಹುಲ್ಲೂ ಇಲ್ಲ, ಮನುಷ್ಯಾನೂ ಇಲ್ಲ. ಕಂಬಕ್ಕ ಜಾಗ ಕೊಡ್ರಿ."

ಮಾವ ನಕ್ಕರು. "ಇಷ್ಟು ವರ್ಷ ಏನಾಗೈತಿ ಭಾಯಿ? ನೀ ಇನ್ನೂ ಹತ್ತು ಸುಗ್ಗಿ ಎತ್ತತಿ ಬಿಡು."

ಚಾಚಾ ಮಾವನ ಗದ್ದ ಹಿಡಿದು ಬೇಡಿಕೊಂಡರು. ಅಷ್ಟು ವಯಸ್ಸಾದವರು ಹಾಗೆ ಬೇಡುವುದನ್ನು ನೋಡಲಾರದೆ ನಾನು ಒಳಗೆ ಹೋದೆ. ಆಮೇಲೆ ಅವರು ಊರಲ್ಲಿ ಮನೆಮನೆ ತಿರುಗಿದರು. ಎಲ್ಲ ಮನೆಯವರೂ ಚಹಾ ಕೊಟ್ಟರು, ಕೂರಿಸಿ ಮಾತಾಡಿಸಿದರು. ಮಾವನಿಗೆ ಹೇಳಲು ಮಾತ್ರ ಯಾರೂ ಎದ್ದು ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ಚಾಚಾ ಕವೆಗೋಲನ್ನು ಮನೆಯ ಜಂತಿಗೆ ಸಿಗಿಸಿ, ಕಂಬ ಬರುವ ತನಕ ನಾನು ಹುಲ್ಲಿನ ಮೇಲೆ ಏರುವುದಿಲ್ಲ ಎಂದು ಸಾರಿಬಿಟ್ಟರು.

ಊರು ಮೊದಲು ನಕ್ಕಿತು, ಆಮೇಲೆ ಬೈಯಿತು. ಅಷ್ಟರಲ್ಲಿ ಮೋಡ ಕಟ್ಟಿತು. ಹೇರಿಟ್ಟ ನಮ್ಮ ಹುಲ್ಲು ಅಂಗಳದಲ್ಲೇ ನಿಂತಿತ್ತು, ಒಮ್ಮೆ ನೆನೆದರೆ ದನವೂ ಮೂಸುವುದಿಲ್ಲ. ಮಾವ ಚಾಚಾನ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಅಂದರು. ಚಾಚಾ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂತೇ ಇದ್ದರು.

"ಬೈರಿ, ಬೇಕಾದ್ರ ಹೊಡೀರಿ. ನಾ ಎತ್ತಾಕ ಬಂದ್ರ ನೀವು ಕಂಬ ಹಾಕ್ಸಂಗಿಲ್ಲ."

ಅವರ ಮಾತು ನಿಜವೆಂದು ನನಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಆದರೂ ಮಾವ ಬಂದು ಟ್ರ್ಯಾಕ್ಟರ್ ಚಾಲೂ ಮಾಡಿದರು. ಮೈದುನ ಬೇವಿನ ಗಿಡದಿಂದ ಒಂದು ಹಸಿ ಕವೆ ಕಡಿದುಕೊಂಡು ಹುಲ್ಲಿನ ಮೇಲೆ ಏರಿದ.

"ಏರಬ್ಯಾಡಪ್ಪ, ಹಸಿ ಕಟಿಗಿ ಅದು," ಅಂದೆ ಕೆಳಗಿನಿಂದ.

"ಅತ್ತಿಗಿ, ನೀನೂ ಚಾಚಾನ ಪಾರ್ಟಿ ಆದೇನು?" ಎಂದು ನಕ್ಕ. ಕೂದಲು ಬಾಚಿಕೊಂಡಿದ್ದ. ಎಲ್ಲಿಗೆ ಹೊರಟರೂ ಅವನಿಗೆ ಕನ್ನಡಿ ಬೇಕಿತ್ತು…

ನಾನು ಮಾಳಿಗೆ ಹತ್ತಿ ನೋಡುತ್ತ ನಿಂತೆ. ಟ್ರ್ಯಾಕ್ಟರ್ ಮೂಲೆಯಲ್ಲಿ ನಿಂತಿತು. ಅವನು ಎದ್ದು ನಿಂತು ಕವೆ ಎತ್ತಿದ. ತಂತಿಗಳು ತೂಗಾಡಿದವು. ಫಳ್ ಎಂದಿತು, ಅವನು ಅಲ್ಲೇ ಕುಸಿದ. ನಾನು ಕಿರುಚಿ ಮೆಟ್ಟಿಲಿಳಿಯುವಷ್ಟರಲ್ಲಿ ಹುಲ್ಲೆಲ್ಲ ಉರಿಯುತ್ತಿತ್ತು.

ನನಗಿಂತ ಮುಂದೆ ಬರಿಗಾಲಲ್ಲಿ ಓಡಿದವರು ಚಾಚಾ. ಮಂದಿ ಮಣ್ಣು ಎರಚುತ್ತಿದ್ದರು, ಹತ್ತಿರ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಮಾವ ಮಗನ ಹೆಸರು ಹಿಡಿದು ಕೂಗುತ್ತಿದ್ದರು. ಚಾಚಾ ಉರಿಯುವ ಹುಲ್ಲಿನೊಳಕ್ಕೆ ಎರಡೂ ಕೈ ಹಾಕಿ ಅವನನ್ನು ಎಳೆದುಕೊಂಡರು. ಎಳೆದುಕೊಂಡು ಏನು ಬಂತು? ಜೀವ ಆಗಲೇ ಹೋಗಿತ್ತು.

ಹುಡುಗನ ದಿನಕರ್ಮ ಮುಗಿಯುವ ಮೊದಲೇ ಮಾವ ಹಾರೆ ತೆಗೆದುಕೊಂಡು ಆ ಮೂಲೆಗೆ ಹೋದರು. ಕಂಬದ ಗುಂಡಿ ತಾವೇ ತೋಡಿದರು, ಹಾರೆ ಯಾರ ಕೈಗೂ ಕೊಡಲಿಲ್ಲ. ಕಂಬ ಬಂತು, ತಂತಿ ಮೇಲೆ ಹೋಯಿತು. ಆದರೆ ಆ ಒಂದು ದಿನ ಚಾಚಾ ಏರಿದ್ದರೆ ಹುಡುಗ ಉಳಿಯುತ್ತಿದ್ದ ಎಂದು ಊರು ಮಾತಾಡಿಕೊಂಡಿತು. ಮಾವ ಸಾಯುವ ತನಕ ಅವರನ್ನು ಮಾತಾಡಿಸಲಿಲ್ಲ. ನಾನಾದರೂ ಯಾರ ಮೇಲೆ ಸಿಟ್ಟು ಮಾಡಲಿ? ಎದುರಿಗಿದ್ದದ್ದು ಮಗನನ್ನು ಕಳೆದುಕೊಂಡ ಮುದುಕ.

ಒಂದು ದಿನ ಹಿತ್ತಲ ಗೋಡೆಯ ಹತ್ತಿರ ಚಾಚಾ ಸಿಕ್ಕರು. ಸುಟ್ಟ ಬೆರಳುಗಳು ಇನ್ನೂ ನೆಟ್ಟಗಾಗುತ್ತಿರಲಿಲ್ಲ. ನಿಮ್ಮದೇನೂ ತಪ್ಪಿಲ್ಲ ಅಂದೆ.

"ತಪ್ಪಿಲ್ಲ ಅಂದ್ರ ಆತ ಎದ್ದು ಬರ್ತಾನೇನಮ್ಮಾ?" ಅಂದರು. "ನಾ ಎತ್ತಿದಷ್ಟು ವರ್ಷ ತಂತಿ ಕೆಳಗೇ ಇತ್ತು. ನಾ ಬಿಟ್ಟೆ, ಹುಡುಗನ್ನ ತಿಂದು ಮ್ಯಾಲೆ ಹೋತು."

ಮಾವ ತೀರಿಕೊಂಡ ಮೇಲೆ ನಾವು ಬಳ್ಳಾರಿಗೆ ಬಂದೆವು.

ಚಾಚಾ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿ ಬಸ್ಸು ಹತ್ತಿ ಹೋದೆ. ಹೊರಸಿನ ಮೇಲೆ ಅಂಗಾತ ಮಲಗಿದ್ದರು. ಎರಡೂ ಕೈ ಸೂರಿನ ಕಡೆಗೆ ಎತ್ತಿ ಹಿಡಿದಿದ್ದರು, ಮೊಣಕೈಯಿಂದ ಮೇಲೆ ನಡುಗುತ್ತಿದ್ದವು.

"ಹಿಂಗೇ ಹಿಡಕಂಡಿರ್ತಾರ ನೋಡಮ್ಮ," ಅಂದರು ಚಾಚಿ. "ಇಳಸ್ರಿ ಅಂದ್ರ ಇಳಸಂಗಿಲ್ಲ. ಬಲ ಹಾಕಿದ್ರ ಅಳ್ತಾರ."

ಹತ್ತಿರ ಕೂತೆ. ನನ್ನ ಗುರುತು ಅವರಿಗೆ ಸಿಗಲಿಲ್ಲ. ಸೂರನ್ನೇ ನೋಡುತ್ತ, "ದಾಟ್ತೇನು?" ಅಂದರು.

ಏನು ಕೇಳುತ್ತಿದ್ದಾರೆಂದು ತಿಳಿಯಿತು. "ದಾಟ್ತು ಚಾಚಾ," ಅಂದೆ.

"ಹುಡುಗ?"

"ಹುಡುಗನೂ ದಾಟಿದ. ಕುರುಗೋಡು ಮುಟ್ಟಿರ್ತಾನ ಇಷ್ಟೊತ್ತಿಗೆ. ಇಳಸ್ರಿ ಇನ್ನ."

ಅವರ ಕೈಗಳು ನಿಧಾನವಾಗಿ ಎದೆಯ ಮೇಲೆ ಇಳಿದವು.

ಆ ವಾರವೇ ಹೋದರು. ಆಮೇಲೆ ಎರಡು ಸುಗ್ಗಿ ಕಳೆದಿವೆ. ಹೇಳಿದ್ದು ಸುಳ್ಳು. ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಹೋದ ವಾರ ಆ ಕಿಟಕಿ ಮುಚ್ಚಿ ನೆಲದ ಮೇಲೆ ಕೂತಾಗ, ಅದೇ ಸುಳ್ಳನ್ನು ನನಗೂ ಒಮ್ಮೆ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.