ಎರಡನೇ ವೋಟು

ಹೈದರಾಬಾದಿಗೆ ಒಂದು ಸಲ ಮೇಯರನ್ನು ಕೊಟ್ಟವನು ನಾನು. ಎರಡು ಸಾವಿರದ ಎರಡನೇ ಇಸವಿ. ಊರಿನ ಮಂದಿ ಎರಡೆರಡು ವೋಟು ಹಾಕಿದ ವರ್ಷ ಅದು: ಒಂದು ವಾರ್ಡಿನ ಕಾರ್ಪೊರೇಟರಿಗೆ, ಇನ್ನೊಂದು ನೇರವಾಗಿ ಮೇಯರಿಗೆ. ಲಕ್ಷಗಟ್ಟಲೆ ಜನ ಹಾಕಿದರು, ಇಲ್ಲವೆನ್ನುವುದಿಲ್ಲ. ಆದರೆ ಅದೆಲ್ಲ ಮದುವೆಯಲ್ಲಿ ಅಕ್ಷತೆ ಎಸೆದ ಹಾಗೆ. ತಾಳಿ ಬಿಗಿದದ್ದು ನನ್ನ ವೋಟು. ಬೆರಳಿಗೆ ಮಸಿ ಹಚ್ಚಿಸಿಕೊಂಡು ನಾನು ರಸ್ತೆಗೆ ಇಳಿದಾಗ ಮೆಹದಿಪಟ್ಟಣಂನ ಬಸ್ಸುಗಳೆಲ್ಲ, ಯಾರಿಗೂ ದಾರಿ ಬಿಡದ ಆ ಬಸ್ಸುಗಳು, ಬದಿಗೆ ಸರಿದು ನಿಂತವು.

ಇದನ್ನು ನಾನು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಕೇಳಿದವರೆಲ್ಲ ನಕ್ಕಿದ್ದಾರೆ, ಪಕ್ಕದ ಮನೆಯ ಭವಾನಿ ಒಬ್ಬಳನ್ನು ಬಿಟ್ಟು. ಅವಳು ಪಿಕೋ ಮಷೀನಿನ ಮೇಲಿಂದ ತಲೆ ಎತ್ತಿ, "ಹೌದ್ರಿ ಕಾಕಾ?" ಅಂದು, ಮತ್ತೆ ತಲೆ ತಗ್ಗಿಸುತ್ತಿದ್ದಳು. ನಂಬಿದಳೋ ಬಿಟ್ಟಳೋ ತಿಳಿಯುತ್ತಿರಲಿಲ್ಲ. ನೆನಪಿಟ್ಟುಕೊಂಡಿದ್ದಳು ಅನ್ನುವುದು ತಡವಾಗಿ ತಿಳಿಯಿತು.

ಭವಾನಿ ಹುಮನಾಬಾದ್ ಕಡೆಯ ಹುಡುಗಿ. ರಾಮದಾಸನನ್ನು ಮದುವೆಯಾಗಿ ಮೆಹದಿಪಟ್ಟಣಂ ಹಿಂದಿನ ನಮ್ಮ ಗುಲ್ಶನ್ ಕಾಲನಿಗೆ ಬಂದಳು. ರಾಮದಾಸ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಟರ್ನರ್. ಅವಳು ಪಡಸಾಲೆಯಲ್ಲಿ ಮಷೀನು ಹಾಕಿಕೊಂಡು ಸೀರೆಗಳಿಗೆ ಫಾಲು, ಪಿಕೋ ಮಾಡುತ್ತಿದ್ದಳು. ಅವಳ ಕೈಯಲ್ಲಿ ಅಂಚು ಕಂಡ ಸೀರೆಗಳನ್ನು ಒಂದರ ತುದಿಗೊಂದು ಹೊಲಿದಿದ್ದರೆ ಹುಮನಾಬಾದಿಗೆ ಹೋಗಿ, ಉಂಡು, ತಿರುಗಿ ಬಂದರೂ ಸೆರಗಿಗೆ ಒಂದಿಷ್ಟು ಉಳಿಯುತ್ತಿತ್ತು. ಗಿರಾಕಿಗಳ ಜೊತೆ ತೆಲುಗು, ಉರ್ದು, ಮರಾಠಿ ಮೂರರಲ್ಲೂ ಜಗಳವಾಡುತ್ತಿದ್ದಳು. ನಮ್ಮ ಮನೆಗಳಾಚೆ ಕನ್ನಡ ಬರುತ್ತಿದ್ದದ್ದು ದುಃಖವಾದಾಗ ಮಾತ್ರ. ಅಂಥ ಸಂದರ್ಭ ಆಗ ಹೆಚ್ಚು ಬರುತ್ತಿರಲಿಲ್ಲ.

ಎರಡು ಸಾವಿರದ ಎರಡರಲ್ಲಿ ಗಂಡ ಹೆಂಡತಿ ನನ್ನ ಜೊತೆಗೇ ಹೋಗಿ ಎರಡೆರಡು ವೋಟು ಹಾಕಿ ಬಂದಿದ್ದರು. ದಾರಿಯಲ್ಲಿ ರಾಮದಾಸ ಅವಳಿಗೆ ತಿಳಿಸಿ ಹೇಳಿದ್ದ: "ಒಂದನೇ ವೋಟು ಓಣಿ ಕೆಲಸಕ್ಕ. ಎರಡನೇದು, ಓಣಿ ಕೆಲಸ ಆಗ್ಲಿಲ್ಲಂದ್ರ ಹೋಗಿ ಕೇಳಾಕ." ರಾಜ್ಯಶಾಸ್ತ್ರದ ಪಂಡಿತರು ಮುನ್ನೂರು ಪುಟದಲ್ಲಿ ಹೇಳುವುದನ್ನು ಆ ಟರ್ನರ್ ಒಂದೇ ಉಸಿರಿಗೆ ಹೇಳಿದ.

ಆಮೇಲೆ ಆ ಪದ್ಧತಿ ಹೋಯಿತು. ಗೆದ್ದ ಕಾರ್ಪೊರೇಟರುಗಳು ಒಂದು ಸಭಾಂಗಣದಲ್ಲಿ ಕೂತು, ಶಾಸಕರು ಸಂಸದರು ಒಂದಷ್ಟು ಮಂದಿಯನ್ನೂ ಸೇರಿಸಿಕೊಂಡು, ಕೈ ಎತ್ತಿ ಮೇಯರನ್ನು ಆರಿಸುವುದಾಯಿತು. ನಮಗೆ ಉಳಿದದ್ದು ಒಂದೇ ವೋಟು. ನಡುವಿನ ಎರಡು ಚುನಾವಣೆಗಳಿಗೆ ಭವಾನಿ ಹೋಗಲಿಲ್ಲ. ಹೈದರಾಬಾದಿನಲ್ಲಿ ಅದೇನೂ ಅಪರಾಧವಲ್ಲ. ಮತದಾನದ ದಿನ ಅರ್ಧ ಊರು ಬಿರಿಯಾನಿಗೆ ದಮ್ಮು ಕಟ್ಟುತ್ತಿರುತ್ತದೆ. ರಾಮದಾಸ ಹೋಗಿ ಬಂದ. ಎರಡನೇ ವೋಟು ಹೋಯಿತೆಂದು ಹೆಂಡತಿಗೆ ಹೇಳಲಿಲ್ಲ. ಮನೆಯ ಸಾಮಾನೊಂದನ್ನು ತಾನೇ ಎಲ್ಲೋ ಕಳೆದು ಬಂದವನಂತೆ ನಾಚಿಕೆಯಾಗಿರಬೇಕು.

ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ನಮ್ಮ ಓಣಿಯ ಮೂಲೆಯ ನಾಲೆಯ, ಅಂದರೆ ಮಳೆನೀರಿನ ದೊಡ್ಡ ಚರಂಡಿಯ, ಹೂಳೆತ್ತಲು ಬಂದವರು ಅದರ ಬಾಯಿಗಿದ್ದ ಕಲ್ಲಿನ ಚಪ್ಪಡಿ ಎತ್ತಿದರು. ಎತ್ತುವಾಗ ಅದು ಎರಡು ಹೋಳಾಯಿತು. ಹೊಸದು ಬರುತ್ತದೆ ಅಂದರು. ಹೂಳನ್ನು ದಂಡೆಗೆ ಸುರಿದು ಹೋದರು. ಮೊದಲ ಮಳೆಗೇ ಅದು ತನ್ನ ಮನೆಗೆ ತಾನು ತಿರುಗಿ ಹೋಯಿತು. ಚಪ್ಪಡಿ ಮಾತ್ರ ಬರಲಿಲ್ಲ.

ಅಕ್ಟೋಬರಿನ ಮಳೆ ಬಂತು. ಆ ಮಳೆಯನ್ನು ಹಿಗ್ಗಿಸಿ ಹೇಳುವುದು ನನ್ನಿಂದಾಗದು. ನನಗಿಂತ ಮೊದಲು ಮಳೆಯೇ ಆ ಕೆಲಸ ಮುಗಿಸಿತ್ತು. ಸಂಜೆ ಐದರ ಹೊತ್ತಿಗೆ ರಾಮದಾಸ ಸ್ಕೂಟರನ್ನು ಎತ್ತರದ ರಸ್ತೆಯಲ್ಲಿ ಇಟ್ಟು ಬರುತ್ತೇನೆಂದು ತಳ್ಳಿಕೊಂಡು ಹೊರಟ. ನೀರು ಮೊಣಕಾಲಿಗಿತ್ತು. ರಸ್ತೆ ಯಾವುದು, ನಾಲೆ ಯಾವುದು ಎಂಬ ಭೇದವಿರಲಿಲ್ಲ. ಚಪ್ಪಡಿಯಿಲ್ಲದ ಆ ಮೂಲೆಯಲ್ಲಿ ಸ್ಕೂಟರು ಅಡ್ಡಬಿದ್ದು ನಿಂತಿತು. ಅವನು ನಿಲ್ಲಲಿಲ್ಲ.

ಮೂರನೇ ದಿನ ಎರಡು ಮೈಲು ಕೆಳಗೆ ಸಿಕ್ಕ. ಗುರುತು ಹಿಡಿಯಲು ಭವಾನಿಯ ಜೊತೆ ನಾನು ಹೋಗಿದ್ದೆ. ಅವಳು ಮುಖ ನೋಡಲಿಲ್ಲ, ನೋಡುವಂತಿರಲೂ ಇಲ್ಲ. ಅಂಗಿಯ ಅಂಚನ್ನು ಬೆರಳಲ್ಲಿ ತಿರುವಿದಳು. "ಇದು ನನ್ನ ಹೊಲಿಗಿ," ಅಂದಳು.

ಒಂದೂವರೆ ತಿಂಗಳಿಗೆ ಪಾಲಿಕೆಯ ಚುನಾವಣೆ. ಮನೆಗೆ ಎರಡು ಮತದಾರ ಚೀಟಿ ಬಂದವು, ಒಂದು ಅವಳದು, ಒಂದು ರಾಮದಾಸನದು. ಬೆಳಿಗ್ಗೆ ಅವಳೇ ಬಂದು ನನ್ನ ಬಾಗಿಲು ತಟ್ಟಿದಳು. "ನಡೀರಿ ಕಾಕಾ. ಈ ಸಲ ನನಗ ಎರಡನೇ ವೋಟಿನ ಕೆಲಸ ಐತಿ." ನನಗೆ ಅರ್ಥವಾಗಲಿಲ್ಲ. ಹೂಂಗುಟ್ಟಿ ಚಪ್ಪಲಿ ಮೆಟ್ಟಿದೆ.

ಬೂತಿನಲ್ಲಿ ಕೊರೋನಾ ಮುಸುಕಿನ ಹಿಂದೆ ಅಧಿಕಾರಿಗಳಿದ್ದರು. ಅವಳ ಬೆರಳಿಗೆ ಮಸಿ ಹಚ್ಚಿ ಒಂದು ಮತಪತ್ರ ಕೊಟ್ಟರು. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ ಅಲ್ಲೇ ನಿಂತಳು.

"ದೂಸ್ರಾ ದೇವೋ ಸಾಬ್."

"ಕಿಸ್ಕಾ ದೂಸ್ರಾ?" ಅಂದ ಅಧಿಕಾರಿ.

ಯಾರ ಎರಡನೇದು? ಅವಳು ಕೇಳಿದ್ದು ಮೇಯರನ್ನು ಆರಿಸುವ ಎರಡನೇ ಮತಪತ್ರ. ಆದರೆ ಅವಳ ಕೈಯಲ್ಲಿ ಗಂಡನ ಚೀಟಿಯೂ ಇತ್ತಲ್ಲ, ಆತ ಬೇರೆಯೇ ತಿಳಿದ. ಚೀಟಿಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಪಟ್ಟಿಯಲ್ಲಿ ಬೆರಳಾಡಿಸಿ, ಗಂಡನ ವೋಟು ಹೆಂಡತಿ ಹಾಕುವಂತಿಲ್ಲಮ್ಮ, ಅಲ್ಲದೆ ಇವರದು ಆಗಿಹೋಗಿದೆ, ಬೆಳಿಗ್ಗೆಯೇ ಬಂದು ಹಾಕಿ ಹೋಗಿದ್ದಾರೆ ಅಂದ. ರಾಮದಾಸನ ಹೆಸರಿನ ಮುಂದೆ ಟಿಕ್ಕು ಇತ್ತು. ಒಂದು ಸಹಿಯೂ ಇತ್ತು, ರಾಮದಾಸನದಕ್ಕಿಂತ ಚಂದದ್ದು.

ಸತ್ತವರಿಂದ ವೋಟು ಹಾಕಿಸುವ ಪವಾಡದ ಬಗ್ಗೆ ನಾನು ಎಷ್ಟು ಸಲ ನಗೆಚಾಟಿಕೆ ಮಾಡಿದ್ದೇನೋ. ಭವಾನಿ ಆ ಟಿಕ್ಕನ್ನೇ ನೋಡುತ್ತ ನನ್ನ ಕಡೆ ತಿರುಗದೆ ಕನ್ನಡದಲ್ಲಿ ಅಂದಳು:

"ಇಲ್ಲೀತನಕ ಬಂದವರು ಮನೀಗಿ ಯಾಕ ಬರಲಿಲ್ರಿ ಕಾಕಾ?"

ಏನನ್ನುತ್ತಾಳೆ ಈಕೆ, ಎಂದು ಅಧಿಕಾರಿ ನನ್ನನ್ನು ಕೇಳಿದ. ನಾನು ಅನುವಾದ ಮಾಡಲಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತಾಗ ಅವಳಿಗೆ ಎಲ್ಲ ಹೇಳಬೇಕಾಯಿತು. ಎರಡನೇ ವೋಟು ಹೋಗಿ ಬಹಳ ವರ್ಷವಾಯಿತು, ಈಗ ಮೇಯರನ್ನು ಕಾರ್ಪೊರೇಟರುಗಳು ಆರಿಸುತ್ತಾರೆ, ಅದಕ್ಕೆ ಪರೋಕ್ಷ ಚುನಾವಣೆ ಅನ್ನುತ್ತಾರೆ.

"ಪರೋಕ್ಷ ಅಂದ್ರ?"

"ನಮ್ಮ ಕಣ್ಣಿಗೆ ಬೀಳದಂಗ ಅಂತ ತಿಳ್ಕೋ."

"ಹೆಸರು ಸರೀ ಇಟ್ಟಾರ." ಹಾಗೆಂದು ನನ್ನ ಕಡೆ ತಿರುಗಿ ಕೇಳಿದಳು, "ಕಾಕಾ, ಅವಾಗ ಒಬ್ಬರು ಮೇಯರನ್ನ ನೀವೇ ಆರಿಸಿದ್ರಲ್ಲ. ಹೋಗಿ ಏನು ಕೇಳಿದ್ರಿ ಅವರಿಗೆ?"

ಮೇಯರನ್ನು ಆರಿಸಿದ ಆ ವರ್ಷವೇ ನಾಲೆಯ ಚಪ್ಪಡಿ ಬಿರುಕು ಬಿಟ್ಟಿತ್ತು. ನಾನು ದಿನಾ ಅದರ ಮೇಲೆಯೇ ದಾಟಿ ಹಾಲಿಗೆ ಹೋಗುತ್ತಿದ್ದೆ. ಮೇಯರ ಕಚೇರಿಗೆ ಎಷ್ಟು ಮೆಟ್ಟಿಲೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ಏನೂ ಕೇಳಲಿಲ್ಲ," ಅಂದೆ.

"ಸುಮ್ನ ಆರಿಸಿದ್ರಿ?"

"ಸುಮ್ನ ಆರಿಸಿದೆನವ್ವ."

ಅವತ್ತಿನಿಂದ ಆ ಮೇಯರ ಮಾತನ್ನು ನಾನು ಅವಳೆದುರಿಗೆ ಎತ್ತಲಿಲ್ಲ.

ಭವಾನಿಗೆ ಬೇಕಾದದ್ದು ಒಂದೇ: ಮುಂದಿನ ಮಳೆಗಾಲದೊಳಗೆ ನಾಲೆಯ ಬಾಯಿಗೆ ಒಂದು ಚಪ್ಪಡಿ. ನಾನು ಅರ್ಜಿ ಬರೆದುಕೊಟ್ಟೆ, ಹಿಡಿದುಕೊಂಡು ತಿರುಗಿದವಳು ಅವಳೇ. ಆ ಅರ್ಜಿಗೆ ಕಾಲಿದ್ದಿದ್ದರೆ ತಿರುಗಿದ ದೂರಕ್ಕೆ ಅವು ಸವೆದು ಮೊಣಕಾಲಿಗೆ ಬರುತ್ತಿದ್ದವು. ಕಾರ್ಪೊರೇಟರು ಇಂಜಿನಿಯರನ್ನು ತೋರಿಸಿದ, ಇಂಜಿನಿಯರು ಗುತ್ತಿಗೆದಾರನನ್ನು, ಗುತ್ತಿಗೆದಾರ ತನ್ನ ಕೆಲಸ ಹೂಳಿನದು, ಕಲ್ಲಿನದಲ್ಲ ಅಂದ. ಮೇಯರ ಕಚೇರಿಯ ಗುಮಾಸ್ತ ಒಳ್ಳೆಯವನು, ಕುರ್ಚಿ ಕೊಟ್ಟು, ನೀರು ಕೊಟ್ಟು, ಅರ್ಜಿಯನ್ನು ಮತ್ತೆ ಕಾರ್ಪೊರೇಟರಿಗೇ ಕಳಿಸಿದ. ಕೊನೆಗೊಂದು ದಿನ ಇಬ್ಬರು ಬಂದು ನಾಲೆಯ ಬಾಯಿಯ ನಾಲ್ಕು ಮೂಲೆಗೆ ನಾಲ್ಕು ಬಿದಿರು ನೆಟ್ಟು ಹೋದರು.

ಮಳೆಗಾಲ ಬಂತು. ಮೊದಲ ಜೋರು ಮಳೆಗೆ ಬಿದಿರು ವಾಲಿದವು. ಭವಾನಿ ಮಷೀನಿನ ಮೇಲೆ ಹೊದಿಕೆ ಹಾಕಿ, ಒಂದು ಸ್ಟೀಲಿನ ತಾಟು, ಒಂದು ಲಟ್ಟಣಿಗೆ ಹಿಡಿದು ಹೋಗಿ ನಾಲೆಯ ಬಾಯಿಯ ಪಕ್ಕ ನಿಂತಳು. ಯಾರಾದರೂ ಆ ಕಡೆ ಬಂದರೆ ತಾಟು ಬಡಿದು, "ಉಧರ್ ಸೇ ಜಾವೋ! ಅಟು ವೆಳ್ಳಂಡಿ!" ಎಂದು ಕೂಗಿ ಆಚೆಗೆ ಅಟ್ಟುತ್ತಿದ್ದಳು. ಮಳೆ ನಿಂತು ನೀರಿಳಿದ ಮೇಲೆಯೇ ಮನೆಗೆ. ಮೊದಮೊದಲು ಜನ ಹುಚ್ಚಿ ಅಂದರು. ಆಮೇಲೆ ಆಟೋದವರು ಮೋಡ ಕಂಡರೆ, "ತಾಟಿನಮ್ಮ ಬಂದಳಾ?" ಎಂದು ಕೇಳಿ ಓಣಿಗೆ ತಿರುಗತೊಡಗಿದರು. ಪಾಲಿಕೆಯ ಲೆಕ್ಕದಲ್ಲಿ ಸಮಸ್ಯೆ ಬಗೆಹರಿದಂತಾಯಿತು. ಹೀಗೆ ನಾಲ್ಕು ಮಳೆಗಾಲ ಕಳೆದವು. ಅವಳ ಮೊಣಕಾಲು ಹಿಡಿದುಕೊಂಡಿತು, ಪೆಡಲು ತುಳಿಯುವುದು ಕಷ್ಟವಾಯಿತು. ಗಿರಾಕಿಗಳು ಮಳೆಗಾಲದಲ್ಲಿ ಬೇರೆ ಅಂಗಡಿಗೆ ಹೋಗತೊಡಗಿದರು.

ಐದನೇ ಮಳೆಗಾಲಕ್ಕೆ ಮುಂಚೆ ಸಂಗಣ್ಣ ಬಂದ. ಜಹೀರಾಬಾದ್ ಕಡೆಯವನು, ನಮ್ಮ ಮಾತಿನವನೇ. ಮೂರು ಸಲ ಕಾರ್ಪೊರೇಟರಾಗಲು ಟಿಕೀಟು ಕೇಳಿ, ಮೂರು ಸಲವೂ ಬೇರೆಯವರ ಮೆರವಣಿಗೆಯಲ್ಲಿ ಕುಣಿದು ಬಂದವನು. ಈ ಸಲ ಅವನ ಕೈಯಲ್ಲಿ ಹೊಸ ಚಳವಳಿ ಇತ್ತು: ಮೇಯರನ್ನು ಜನರೇ ನೇರವಾಗಿ ಆರಿಸಬೇಕು. ಸಹಿ ಸಂಗ್ರಹದ ಹಾಳೆಯ ತಲೆಗೆ ದೊಡ್ಡದಾಗಿ 'ಮೇಯರ್ ಪ್ರತ್ಯಕ್ಷ ಚುನಾವಣೆ' ಎಂದಿತ್ತು. ಅವನು ಅದನ್ನು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದ.

ಮಷೀನು ನಿಂತಿತು. "ಪ್ರತ್ಯಕ್ಷ ಆಗ್ತಾರಾ? ಮೇಯರು? ನಮ್ಮ ಓಣಿಗಾ?"

ಹಬ್ಬದ ಕಥೆಗಳಲ್ಲಿ ದೇವರು ಪ್ರತ್ಯಕ್ಷನಾಗುವುದನ್ನಷ್ಟೇ ಕೇಳಿ ಬೆಳೆದವಳು, ಆ ಪದವನ್ನು ಇನ್ನು ಹೇಗೆ ತಿಳಿದಾಳು? ಸಂಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯ ಅಕ್ಕಾರ! ಆರಿಸೋದಷ್ಟ ಪ್ರತ್ಯಕ್ಷ. ಬರೋದು ಅವರ ಮರ್ಜಿ."

ಅವಳು ನಗಲಿಲ್ಲ. ಆದರೂ ಮೊದಲ ಸಹಿ ಅವಳೇ ಹಾಕಿದಳು. ಫ್ಲೆಕ್ಸಿಗೆ ರಾಮದಾಸನ ಫೋಟೋ ಬೇಕೆಂದಾಗ ಗೋಡೆಯಿಂದ ಇಳಿಸಿ ಕೊಟ್ಟಳು. "ಸಭಾದಾಗ ಮೊದಲ ಮಾತು ಚಪ್ಪಡಿದು ಇರಬೇಕು ಸಂಗಣ್ಣಾರ," ಅಂದಳು. "ಅದಕ್ಕ ಇದೆಲ್ಲ ಮಾಡಾಕತ್ತೀವಿ ಅಕ್ಕಾರ," ಅಂದ ಅವನು. ಸಭೆಯಲ್ಲಿ ಎರಡು ತಾಸು ಭಾಷಣವಾಯಿತು. ಪ್ರಜಾಪ್ರಭುತ್ವ ಬಂತು, ಲಂಡನ್ ಬಂತು, ಸಿಂಗಾಪುರ ಬಂತು. ಚಪ್ಪಡಿ ಬರಲಿಲ್ಲ. ಕೊನೆಗೆ ರಾಮದಾಸನ ಮುಖವಿದ್ದ ಫ್ಲೆಕ್ಸನ್ನು ನಾಲೆಯ ಬಿದಿರುಗಳಿಗೇ ಕಟ್ಟಿ ಹೋದರು: 'ನಮ್ಮ ವೋಟು, ನಮ್ಮ ಮೇಯರ್.'

ಜುಲೈಯಲ್ಲೊಂದು ಮಧ್ಯಾಹ್ನ ಗಾಳಿ ಎದ್ದಿತು. ಮಳೆ ಇನ್ನೂ ಬಿದ್ದಿರಲಿಲ್ಲ, ಹಾಗಾಗಿ ಭವಾನಿ ಮನೆಯಲ್ಲೇ ಇದ್ದಳು. ಮೇಲಿನ ದಾರ ಹರಿದು ಫ್ಲೆಕ್ಸು ನಾಲೆಯ ಬಾಯಿಗೆ ನೆಟ್ಟಗೆ ಹಾಸಿಕೊಂಡಿತು. ನೋಡಿದವರಿಗೆ ನೆಲ. ಸೀರೆ ತೆಗೆದುಕೊಂಡು ಹೋಗಲು ಬರುತ್ತಿದ್ದ ಗಿರಾಕಿ, ಪ್ರೇಮಾ ಅಂತ ಒಬ್ಬ ಟೀಚರು, ಫೋನಿನಲ್ಲಿ ಮಾತಾಡುತ್ತ ಅದರ ಮೇಲೆ ಕಾಲಿಟ್ಟಳು. ಭವಾನಿ ಆರೇಳು ಹೆಜ್ಜೆ ಆಚೆಯ ತನ್ನ ಪಡಸಾಲೆಯಿಂದ ಹಾರಿ, ಆ ಮೊಣಕಾಲಲ್ಲಿ ಹೇಗೆ ಹಾರಿದಳೋ, ಸೆರಗು ಹಿಡಿದು ಹಿಂದಕ್ಕೆಳೆದಳು. ಇಬ್ಬರೂ ರಸ್ತೆಗೆ ಬಿದ್ದರು. ಟೀಚರ ಒಂದು ಚಪ್ಪಲಿ, ಫೋನು ಒಳಗೆ ಹೋದವು. ಹೋದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

ಭವಾನಿ ಎದ್ದು ಒಳಗೆ ಹೋಗಿ ದೊಡ್ಡ ಕತ್ತರಿ ತಂದಳು. ಮೊದಲು ಗಂಡನ ಮುಖದ ಸುತ್ತ ಸರಿಯಾಗಿ ಕತ್ತರಿಸಿ ತೆಗೆದಳು. ಉಳಿದದ್ದನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಬಿದಿರುಗಳಿಗೆ ಕಟ್ಟಿದಳು, ದೂರದಿಂದ ಕಾಣಲಿ ಎಂದು.

ಸಂಜೆಗೆ ಸಂಗಣ್ಣ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದ. ಓಣಿಯ ಜನರೂ ಸೇರಿದರು.

"ಇದೇನ್ ಅಕ್ಕಾರ? ನಾಳೆ ಟೀವಿಯವರು ಬರಾಕತ್ತಾರ. ಫ್ಲೆಕ್ಸ್ ಸೀಳಿದ್ರ ಚಳವಳಿ ಹೆಂಗ ನಡೀತೈತಿ?"

"ಹೊಂಡ ಮುಚ್ಚರಿ ಅಂದ್ರ ಹೊಂಡ ಕಾಣದಂಗ ಮಾಡಿದ್ರಿ."

"ಗಾಳಿಗೆ ಬಿದ್ದರ ನಾ ಏನ್ ಮಾಡ್ಲಿ? ಸ್ವಲ್ಪ ತಡೀರಿ. ನಾವು ಆರಿಸಿದ ಮೇಯರ್ ಬರ್ಲಿ, ಕಲ್ಲು ತಾನ ಎದ್ದು ಬರ್ತೈತಿ."

"ಕಾಕಾ ಆರಿಸಿದ್ರು ಒಂದು ಸಲ. ಕೇಳ್ರಿ, ಕಲ್ಲು ಎದ್ದಿತ್ತೇನು ಅಂತ."

ಎಲ್ಲರೂ ನನ್ನ ಕಡೆ ನೋಡಿದರು. ಎದ್ದಿರಲಿಲ್ಲವೆಂದು ನಾನು ತಲೆಯಾಡಿಸಿದೆ.

ಸಂಗಣ್ಣನಿಗೆ ರೇಗಿತು. "ಭಾಳ ತಿಳಿದಾಕಿ ಬಿಡ್ರಿ ನೀವು! ಹಂಗಾದ್ರ ನೀವ ನಿಲ್ರಲ್ಲ ಮೇಯರಿಗೆ. ನಿಂತು ತೋರಸ್ರಿ!"

ಅವನ ಮಂದಿ ನಕ್ಕರು. ಹನಿ ಬೀಳತೊಡಗಿತ್ತು. ಭವಾನಿ ಒಳಗೆ ಹೋಗಿ ತಾಟು, ಲಟ್ಟಣಿಗೆ ತಂದು, ಅವರ ನಡುವಿನಿಂದ ದಾಟಿ ನಾಲೆಯ ಕಡೆ ನಡೆದಳು.

"ನಾ ನಿಂತು ಐದು ಮಳಿಗಾಲ ಆತು ಸಂಗಣ್ಣಾರ," ಅಂದಳು. "ನೀವು ಹೋಗಿ ಕುಂತವರನ್ನ ಎಬ್ಬಿಸ್ರಿ."