ಪ್ರಿಂಟರಿಗೆ ಬರೆದು ಹೇಳುವುದು

ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಬಹುದು. ಕೈ ಮುರಿದುಕೊಂಡ ವರ್ಷ ನನ್ನ ಕೆಲಸ ಉಳಿಸಿದ್ದು ಆ ಕೋಪವೇ, ಹಾಗಾಗಿ ಅದನ್ನು ಬಿಡುವ ಯೋಚನೆ ನನಗಿಲ್ಲ.

ನಂಜನಗೂಡಿನ ಕೋರ್ಟಿನ ಹತ್ತಿರ ಒಂದು ಡಿಟಿಪಿ ಅಂಗಡಿ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ಮನೆ ಟಿ. ನರಸೀಪುರದಲ್ಲಿ, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಅರ್ಜಿ, ಅಫಿಡವಿಟ್ಟು, ಕ್ರಯಪತ್ರದ ಕರಡು, ಗೃಹಪ್ರವೇಶದ ಪತ್ರಿಕೆ, ತಿಥಿ ಕಾರ್ಡು, ಎಲ್ಲವೂ ನನ್ನ ಕೈಮೇಲೆ ಹೋಗಬೇಕು. ಈ ಕಡೆ ಯಾರು ಮನೆ ಕಟ್ಟಿದರು, ಯಾರು ತೀರಿಕೊಂಡರು, ಯಾರು ಸ್ವಂತ ತಮ್ಮನ ಮೇಲೆ ಕೇಸು ಹಾಕಿದರು ಎನ್ನುವುದು ಅವರ ನೆಂಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹೇಳುವುದಿಲ್ಲ, ಅಷ್ಟೇ.

ಒಂದು ದಿನ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟಿಲು ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದೆ. ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ಮೊದಲಿನ ಹಾಗೇ ಓಡುತ್ತಿವೆ, ಮಣಿಕಟ್ಟು ಮಾತ್ರ ತಿರುಗುತ್ತಿಲ್ಲ. ಟೈಪಿಗೆ ತೊಂದರೆಯಿಲ್ಲ. ಮೌಸ್ ಹಿಡಿದರೆ ಆಯಿತು, ಪರದೆಯ ಮೇಲಿನ ಬಾಣ ನಡುಗುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಬೀಳುತ್ತದೆ. ವಾಪಸು ಹೋದ ವಾರವೇ ಒಬ್ಬ ವಕೀಲರ ಒಂದು ಅಫಿಡವಿಟ್ಟು ನಲವತ್ತು ಪ್ರತಿಯಾಗಿ ಹೊರಬಂತು. ವಕೀಲರು ನಕ್ಕರು. ಅಂಗಡಿಯ ಮಾಲೀಕರು ನಗಲಿಲ್ಲ.

ಮಾಲೀಕರು ನನಗಿಂತ ಚಿಕ್ಕವರು. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದು ಅವರ ತಂದೆ. ಅಂದು ಸಂಜೆ ಬಾಗಿಲು ಹಾಕುವಾಗ, ಮುಖ ನೋಡದೆ ಹೇಳಿದರು: "ಅಕ್ಕ, ತಪ್ಪು ತಿಳ್ಕೋಬೇಡಿ. ಈ ಲಗ್ನದ ಕಾಲ ಮುಗೀಲಿ, ಆಮೇಲೆ ಬೇರೆಯವ್ರನ್ನ ನೋಡ್ಕೊತೀನಿ. ಪಾಪ, ನೀವೂ ರೆಸ್ಟ್ ತಗೊಳಿ."

ರೆಸ್ಟು! ನನಗೆ ಮೈಯೆಲ್ಲ ಉರಿದುಹೋಯಿತು. ಐವತ್ತೆರಡು ವರ್ಷಕ್ಕೆ ಆ ಕುರ್ಚಿ ಬಿಟ್ಟರೆ ಇನ್ನೊಂದು ಕುರ್ಚಿ ಯಾರೂ ಕೊಡುವುದಿಲ್ಲ. ಅಣ್ಣನ ಮನೆಯ ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕೂರಬೇಕು, ಬಂದವರು ಹೋದವರು ನನ್ನ ಕೈ ನೋಡಿ ಪಾಪ ಅನ್ನಬೇಕು. ಆ ಪಾಪ ಎನ್ನುವ ಮಾತು ನನಗೆ ಆಗುವುದಿಲ್ಲ. ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಸುತ್ತೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಸುತ್ತೂರು ದಾಟಿದ ಮೇಲೆ ಮುಖ ಒರೆಸಿಕೊಂಡೆ. ಕೆಲಸ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ದಿನಾ ಕೂರುತ್ತಿದ್ದವರು ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಡಂ. ನಾನು ಅತ್ತದ್ದನ್ನು ಅವರು ನೋಡಿದ್ದರು, ಕೇಳಿರಲಿಲ್ಲ. ಮಾರನೆಯ ದಿನ ನಾನೇ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಅಂಗಡಿಯ ಕಂಪ್ಯೂಟರಿನಲ್ಲಿ ಏನಿದೆ? ಗಿರಾಕಿಗಳ ಪೆನ್‌ಡ್ರೈವಿನಿಂದ ಬರುವ ವೈರಸ್ಸಿನ ಕಾಟಕ್ಕೆ ಬೇಸತ್ತು ಮಾಲೀಕರು ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದ್ದರು. ಅದನ್ನು ಕೇಳಿದ್ದೇ ಮೇಡಂ ನಕ್ಕುಬಿಟ್ಟರು.

"ಹಾಗಾದ್ರೆ ಮೌಸ್ ಯಾಕಮ್ಮ ನಿಮ್ಗೆ? ನೀವು ಟೈಪಿಸ್ಟು. ಪ್ರಿಂಟರಿಗೆ ಬರೆದು ಹೇಳಿ, ಕೇಳುತ್ತೆ."

ನನ್ನ ಕೈಯಲ್ಲಿದ್ದ ದಿನಪತ್ರಿಕೆಯ ಅಂಚಿನಲ್ಲೇ ಬರೆದುಕೊಟ್ಟರು. ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ತೆರೆದುಕೊಳ್ಳಬೇಕು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ. ಎಲ್ ಮತ್ತು ಪಿ ಎಂದು ಎರಡಕ್ಷರ ಹೊಡೆದು, ಜಾಗ ಬಿಟ್ಟು, ಫೈಲಿನ ಹೆಸರು ಹೊಡೆದು ಎಂಟರ್ ಒತ್ತಿದರೆ ಫೈಲು ಪ್ರಿಂಟರಿಗೆ ಹೋಗುತ್ತದೆ. ಹತ್ತು ಪ್ರತಿ ಬೇಕಾದರೆ ನಡುವೆ ಒಂದು ಸಣ್ಣ ಗೆರೆ, ಎನ್, ಹತ್ತು. ಪ್ರಿಂಟರಿನ ಮುಂದೆ ಯಾವ ಯಾವ ಕೆಲಸ ಸಾಲು ನಿಂತಿದೆ ಎಂದು ಕೇಳುವುದಕ್ಕೆ ಒಂದು ಮಾತು, ಸಾಲಿನಿಂದ ಎಬ್ಬಿಸಿ ಕಳಿಸುವುದಕ್ಕೆ ಇನ್ನೊಂದು. ಒಟ್ಟು ನಾಲ್ಕು ಸಾಲು. ಇಷ್ಟಕ್ಕಾ ನಾನು ಅತ್ತಿದ್ದು ಎನ್ನಿಸಿತು.

ಅಷ್ಟು ಸಲೀಸಾಗಿರಲಿಲ್ಲ. ಊಟದ ಹೊತ್ತಿನಲ್ಲಿ, ಮಾಲೀಕರು ಮನೆಗೆ ಹೋದಾಗ, ಒಂದು ಕೈಯಲ್ಲಿ ಮುದ್ದೆ ಬುತ್ತಿ ಸರಿಸಿಕೊಂಡು ಹೊಡೆದು ನೋಡಿದೆ. ಅಂಥ ಫೈಲೇ ಇಲ್ಲ ಎಂದಿತು. ಕಣ್ಣೆದುರಿಗೇ ಇದೆ, ಇಲ್ಲ ಎನ್ನುತ್ತದೆ! ಮೂರು ದಿನ ಅದರೊಂದಿಗೆ ಜಗಳವಾಡಿದೆ. ಕೊನೆಗೆ ಮೇಡಂ ವಿಷಯ ಬಿಡಿಸಿದರು. ನಾನು ಹೆಸರುಗಳ ನಡುವೆ ಜಾಗ ಬಿಟ್ಟು ಇಡುತ್ತಿದ್ದೆ. ಯಂತ್ರ ಅದನ್ನು ಎರಡು ಬೇರೆ ಫೈಲು ಎಂದುಕೊಂಡು ಎರಡನ್ನೂ ಹುಡುಕುತ್ತಿತ್ತು. ಆಮೇಲೆ ಹೆಸರುಗಳನ್ನೆಲ್ಲ ಜಾಗ ಬಿಡದೆ ಕೂಡಿಸಿ ಇಟ್ಟೆ. ಪಿಡಿಎಫ್ ಮಾಡದೆ ಕಳಿಸಿದ ಒಂದು ಕನ್ನಡ ಅರ್ಜಿ ತಹಶೀಲ್ದಾರರಿಗಿರಲಿ, ದೇವರಿಗೂ ಅರ್ಥವಾಗದ ಗೀಟು ಚುಕ್ಕೆಯಾಗಿ ಬಂತು. ಅದನ್ನೂ ಕಲಿತೆ. ಎರಡು ವಾರದಲ್ಲಿ ನಾನು ಮೌಸನ್ನು ಮುಟ್ಟದೆ ಇಡೀ ದಿನ ಕೆಲಸ ಮಾಡುತ್ತಿದ್ದೆ. ಮಾಲೀಕರು ಕಪ್ಪು ಕಿಟಕಿಯನ್ನು ಕಂಡು, "ಏನಕ್ಕ ಇದು, ಹಳೇ ಕಾಲದ್ದು" ಎಂದರು. ಬೇರೆಯವರನ್ನು ಹುಡುಕುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ಸೋಮವಾರ ಒಬ್ಬರು ಬಂದು ನೋಡಿ ಹೋಗುತ್ತಾರೆ ಎಂದು ಒಂದು ದಿನ ತಿಳಿಸಿದರು.

ಅದಕ್ಕೂ ಮುಂಚಿನ ಶುಕ್ರವಾರ ಆದದ್ದು ಇದು.

ಮಧ್ಯಾಹ್ನ ತಗಡೂರಿನಿಂದ ವಯಸ್ಸಾದವರೊಬ್ಬರು ಬಂದು ಬೆಂಚಿನ ಮೇಲೆ ಕೂತಿದ್ದರು. ಅವರ ಹೆಂಡತಿ ತೀರಿಕೊಂಡಿದ್ದರು. ಹನ್ನೊಂದನೆಯ ದಿನದ ತಿಥಿ ಕಾರ್ಡು ನೂರು ಬೇಕಿತ್ತು. ಬರೆದು, ಓದಿ ಹೇಳಿ, ಪ್ರಿಂಟರಿಗೆ ಕಳಿಸಿದೆ. ಅರವತ್ತು ಚಿಲ್ಲರೆ ಬಂದು ಕಾಗದ ಮುಗಿಯಿತು. ಮಾಲೀಕರು ಬಿಳಿ ಕಾಗದ ತರಲು ಎದುರಿನ ಅಂಗಡಿಗೆ ಹೋದರು. ಉಳಿದ ಕಾರ್ಡುಗಳು ಸಾಲಿನಲ್ಲಿ ಕಾಯುತ್ತಿದ್ದವು.

ಆಗ ಹೆಡತಲೆ ಎನ್ನುವ ಊರಿನ ಅಜ್ಜಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಮೊಮ್ಮಗಳ ಮದುವೆ. ಊರಿಗೆಲ್ಲ ಹಂಚುವ ಬಣ್ಣದ ಕಾರ್ಡು ಮೈಸೂರಿನಲ್ಲಿ ಅಚ್ಚಾಗಿತ್ತು. ಇದು ಬೀಗರಿಗೆ, ಹತ್ತಿರದ ನೆಂಟರಿಗೆ ಕೊಡುವ ಪತ್ರಿಕೆ. ಎಲ್ಲರೂ ಅಚ್ಚಾದ ಮೇಲೆ ಮೂಲೆಗೆ ಅರಿಶಿನ ಹಚ್ಚುತ್ತಾರೆ. ಇವರ ಮನೆತನದಲ್ಲಿ ಅಕ್ಷರ ಬೀಳುವ ಮೊದಲೇ ಹಚ್ಚಬೇಕು, ಬರಿಯ ಕಾಗದದ ಮೇಲೆ ಮದುವೆಯ ಹೆಸರು ಬೀಳಬಾರದು. ಐವತ್ತು ಹಾಳೆಗೆ ನಾಲ್ಕೂ ಮೂಲೆ ಅರಿಶಿನ ಹಚ್ಚಿ, ನೆರಳಲ್ಲಿ ಒಣಗಿಸಿ, ದೇವರ ಮುಂದಿಟ್ಟು, ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಪತ್ರಿಕೆಯನ್ನು ನಾನು ಹಿಂದಿನ ದಿನವೇ ಸಿದ್ಧಮಾಡಿ ಇಟ್ಟಿದ್ದೆ.

ಮಾಲೀಕರು ಕಾಗದದ ಕಟ್ಟು ಹಿಡಿದು ವಾಪಸು ಬರುವುದಕ್ಕೂ ಅಜ್ಜಿ ಗಡಿಬಿಡಿ ಮಾಡುವುದಕ್ಕೂ ಸರಿಹೋಯಿತು. "ಬಸ್ ಒಂಟೋಯ್ತದೆ ಸಾ, ಬೇಗ ಮಾಡ್ಕೊಡಿ" ಎಂದರು ಅಜ್ಜಿ. ಮಾಲೀಕರು ಬಿಳಿ ಕಟ್ಟನ್ನು ಕೆಳಗಿಟ್ಟು ಅರಿಶಿನದ ಹಾಳೆಗಳನ್ನು ಎತ್ತಿಕೊಂಡರು.

"ಬೇಡಿ ಸಾರ್," ಎಂದೆ. "ತಿಥಿ ಕಾರ್ಡಿನ್ನೂ ಸಾಲಲ್ಲಿದೆ."

"ಇವ್ರದ್ದು ಮೊದ್ಲು ಕಳ್ಸಿ ಅಕ್ಕ, ನಾನು ನೋಡ್ಕೊತೀನಿ" ಎನ್ನುತ್ತ ಅವರು ಹಾಳೆಗಳನ್ನು ಪ್ರಿಂಟರಿನ ತಟ್ಟೆಗೆ ತುಂಬಿ ಮುಚ್ಚಿಯೇಬಿಟ್ಟರು.

ಪ್ರಿಂಟರಿಗೆ ಮದುವೆ ಯಾವುದು, ತಿಥಿ ಯಾವುದು? ಅದಕ್ಕೆ ಕಾಗದ ಸಿಕ್ಕಿತು, ನಿಲ್ಲಿಸಿದ ಕಡೆಯಿಂದ ಶುರುಮಾಡಿತು. ಗರಗರ ಸದ್ದು ಬಂದ ಕೂಡಲೇ ಮಾಲೀಕರಿಗೂ ಗೊತ್ತಾಯಿತು. ನನ್ನ ಹೆಗಲ ಮೇಲಿಂದ ಬಗ್ಗಿ ಮೌಸ್ ಹಿಡಿದು, ಅಲ್ಲಿ ಒತ್ತಿ ಇಲ್ಲಿ ಒತ್ತಿ ಕಿಟಕಿ ತೆರೆಯಲು ನೋಡಿದರು. ಅದು ಚಕ್ರ ತಿರುಗಿಸುತ್ತ ಕೂತಿತು. ನಾನು ಮಾಲೀಕರ ಕೈಯನ್ನು ಮೊಣಕೈಯಿಂದ ತಳ್ಳಿ, ಕಪ್ಪು ಕಿಟಕಿಯಲ್ಲಿ ಒಂದೇ ಸಾಲು ಹೊಡೆದೆ: ಸಾಲಿನಲ್ಲಿ ಇರುವುದೆಲ್ಲ ರದ್ದು. ಎರಡನೆಯ ಹಾಳೆ ಖಾಲಿಯಾಗಿಯೇ ಹೊರಗೆ ಬಂತು, ಯಂತ್ರ ನಿಂತಿತು. ಮೊದಲನೆಯ ಹಾಳೆ ಅಷ್ಟರಲ್ಲಿ ಹೊರಗೆ ಬಿದ್ದಿತ್ತು. ನಾಲ್ಕು ಮೂಲೆಯಲ್ಲಿ ಅರಿಶಿನ, ನಡುವೆ ಸತ್ತವರ ಹೆಸರು.

ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಮಗನಿಗೆ ಬರುತ್ತಿತ್ತು. ಅವನು ಓದಿದ. ಮುಖ ಕಪ್ಪಿಟ್ಟಿತು. "ಏನ್ ಸಾ ಇದು? ಮದ್ವೆ ಮನೆ ಆಳೆ ಮ್ಯಾಲೆ ತಿಥಿ ಬರ್ದವ್ರಲ್ಲ!" ಎಂದು ಕೂಗಿದ. ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡರು.

ಮಾಲೀಕರು ಕೈ ಮುಗಿದರು. "ಬೇಜಾರು ಮಾಡ್ಕೋಬೇಡಿ. ನಮ್ಮಕ್ಕನಿಗೆ ಕೈ ಸರಿಯಿಲ್ಲ, ಏನೋ ಎಡವಟ್ಟಾಯ್ತು. ಸೋಮವಾರದಿಂದ ಬೇರೆಯವ್ರು ಬರ್ತಾರೆ."

ಹತ್ತೊಂಬತ್ತು ವರ್ಷದಲ್ಲಿ ಗಿರಾಕಿಗಳ ಮುಂದೆ ನಾನು ಮಾಲೀಕರಿಗೆ ಎದುರು ಮಾತಾಡಿದವಳಲ್ಲ. ಅಂದು ಎದ್ದು ನಿಂತೆ. ಹೇಳಿಯೇಬಿಟ್ಟೆ.

"ಹಾಳೆ ತುಂಬಿದ್ದು ನೀವು ಸಾರ್. ಬೇಡಿ ಅಂದೆ, ಕೇಳಲಿಲ್ಲ. ನಿಲ್ಲಿಸಿದ್ದು ಈ ಕೈ. ಇದು ನಿಲ್ಲಿಸದೆ ಇದ್ದಿದ್ರೆ ಈಗ ಇನ್ನೂ ಮೂವತ್ತು ಹಾಳೆ ಹಾಗೇ ಬಂದಿರೋದು."

ಮಾಲೀಕರು ನನ್ನನ್ನು ನೋಡಿದರು, ಪ್ರಿಂಟರನ್ನು ನೋಡಿದರು. ಕೆಲಸ ಹೋಯಿತು, ಹೋಗಲಿ, ಇಲ್ಲದ ತಪ್ಪು ಹೊತ್ತು ಹೋಗುವುದಿಲ್ಲ ಎಂದುಕೊಂಡು ನಾನು ನಿಂತೇ ಇದ್ದೆ.

ಬೆಂಚಿನಿಂದ ತಗಡೂರಿನವರು ಎದ್ದು ಬಂದರು. ಆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತುಂಬ ಹೊತ್ತು ನೋಡಿದರು.

"ಇದ ನಂಗೆ ಕೊಟ್ಬುಡವ್ವ," ಎಂದರು. "ನಮ್ಮೋಳು ಮುತ್ತೈದೆಯಾಗೇ ಓದ್ಳು. ಅರಿಶಿನ ಅವ್ಳಿಗೆ ಸಲ್ಲಬೇಕಾದ್ದೇಯ. ಮನೇಲಿ ಅವ್ಳ ಪಟದ್ ತಾವ ಮಡಿಕೊತೀನಿ."

ಅಜ್ಜಿ ಸೆರಗನ್ನು ಬಾಯಿಂದ ಇಳಿಸಿದರು. ಮುತ್ತೈದೆ ಸಾವಾ ಎಂದು ಮೆಲ್ಲಗೆ ಕೇಳಿದರು. ಅವರು ಹೌದೆಂದು ತಲೆಯಾಡಿಸಿದರು. ಅಜ್ಜಿ ಮಗನ ತೋಳು ಹಿಡಿದುಕೊಂಡು, "ಸುಮ್ಕಿರ್ಲಾ. ಮುತ್ತೈದೆ ತಾಯಿ ಮೊದ್ಲು ಬಂದು ಅರಸವ್ಳೆ ಅನ್ಕೊ. ನಮ್ ಮಗೀಗೂ ಅಂಗೇ ಇರ್ಲಿ" ಎಂದರು. ಅಜ್ಜಿ ತಗಡೂರಿನವರನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಎಷ್ಟು ಜನ ಮಕ್ಕಳು ಎಂದು ವಿಚಾರಿಸತೊಡಗಿದರು. ಬಸ್ಸಿನ ನೆನಪು ಅವರಿಗೆ ಇದ್ದ ಹಾಗಿರಲಿಲ್ಲ.

ನಾನು ಕೂತು, ಉಳಿದ ತಿಥಿ ಕಾರ್ಡುಗಳಿಗೆ ಮತ್ತೆ ಅಪ್ಪಣೆ ಬರೆಯಲು ಬೆರಳು ಇಟ್ಟೆ. ಮಾಲೀಕರು ಪ್ರಿಂಟರಿನ ತಟ್ಟೆ ತೆರೆದು ಅರಿಶಿನದ ಹಾಳೆಗಳನ್ನು ಹೊರತೆಗೆದು ಬಟ್ಟೆಯ ಮೇಲಿಟ್ಟರು. ಬಿಳಿ ಕಟ್ಟು ಬಿಚ್ಚಿದರು. ಒಂದಷ್ಟು ಹಾಳೆ ತೆಗೆದು ಅಂಚು ತಟ್ಟಿ ಸಮ ಮಾಡಿಕೊಂಡರು. ಆಮೇಲೆ ತಟ್ಟೆಗೆ ಹಾಕದೆ, ಹಾಳೆ ಹಿಡಿದುಕೊಂಡು ಹಾಗೇ ನಿಂತರು.

"ಅಕ್ಕ," ಎಂದರು, "ಈಗ ಹಾಕ್ಲಾ?"

ನಾನು ಸಾಲು ಖಾಲಿ ಇದೆಯೇ ಎಂದು ಯಂತ್ರವನ್ನು ಕೇಳಿದೆ. ಇತ್ತು. "ಹಾಕಿ" ಎಂದೆ.

ಸೋಮವಾರ ಯಾರೂ ಬರಲಿಲ್ಲ.